ಹಾಯಿಕಂಬಕ್ಕೆ ಇನ್ನೊಂದು ತಂತಿ: ನಮ್ಮ ದೋಣಿಗೆ ಇನ್ನರ್ ಫೋರ್‌ಸ್ಟೇ ಕೂಡಿಸಿದ ಬಗೆ

ನಮ್ಮ ಹಾಯಿದೋಣಿ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಲಮೇಡಾದಲ್ಲಿ. 36 ಅಡಿ ಉದ್ದ, 1980ರ ದಶಕದ ಫೈಬರ್‌ಗ್ಲಾಸ್ ಒಡಲು, ಒಂದೇ ಕಂಬ. ಕಂಬದ ಹಿಂದೆ ಮುಖ್ಯ ಹಾಯಿ ಇದೆ. ಮುಂದೆ, ಕಂಬದ ತುದಿಯಿಂದ ದೋಣಿಯ ಮೂತಿಯವರೆಗೆ ಇಳಿದಿರುವ ಫೋರ್‌ಸ್ಟೇ ಎಂಬ ಉಕ್ಕಿನ ತಂತಿಯ ಮೇಲೆ ಸುರುಳಿ ಸುತ್ತಿಕೊಳ್ಳುವ ಜೆನೋವಾ ಹಾಯಿ ಇದೆ. ಇಂಥ ದೋಣಿಯನ್ನು ಸ್ಲೂಪ್ ಎನ್ನುತ್ತಾರೆ. ಈ ವರ್ಷ ಆ ಫೋರ್‌ಸ್ಟೇಯ ಹಿಂದೆ, ಕಂಬಕ್ಕೆ ಇನ್ನಷ್ಟು ಹತ್ತಿರದಲ್ಲಿ, ಬೇಕಾದಾಗ ಕಟ್ಟಿ ಬೇಡವಾದಾಗ ಬಿಚ್ಚಿಡಬಹುದಾದ ಎರಡನೆಯ ತಂತಿಯೊಂದನ್ನು ಕೂಡಿಸಿದೆವು. ಅದೇ ಇನ್ನರ್ ಫೋರ್‌ಸ್ಟೇ. ದೋಣಿ ನೋಡಲು ಬಂದ ಕನ್ನಡದ ಗೆಳೆಯರು ‘ಒಂದು ತಂತಿಗೆ ಇಷ್ಟೊಂದು ತಿಂಗಳ ಕೆಲಸವೇ?’ ಎಂದು ಕೇಳಿದ್ದುಂಟು. ತಂತಿ ಕಟ್ಟುವುದು ಈ ಕೆಲಸದ ಅತಿ ಚಿಕ್ಕ ಭಾಗ. ಆ ತಂತಿ ಎಳೆಯುವ ಭಾರವು ಒಡಲಿನಿಂದ ಕಂಬಕ್ಕೆ, ಕಂಬದಿಂದ ದೋಣಿಯ ಹಿಂಭಾಗಕ್ಕೆ, ನಡುವೆ ಎಲ್ಲಿಯೂ ದುರ್ಬಲವಾದ ಕೊಂಡಿಯಿಲ್ಲದಂತೆ ಹರಿದು ಹೋಗಬೇಕು. ನಮ್ಮ ತಿಂಗಳುಗಳು ಹೋದದ್ದು ಅದಕ್ಕೆ.

ಮೊದಲು ಇದರ ಅಗತ್ಯವೇನು ಎಂಬುದನ್ನು ಹೇಳಬೇಕು. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ವರ್ಷದ ಬಹುಭಾಗ ಬೀಸುವುದು ವಾಯವ್ಯದ ಗಾಳಿ. ದಕ್ಷಿಣಕ್ಕೆ, ಸ್ಯಾನ್ ಡಿಯಾಗೊ ದಾಟಿ ಮೆಕ್ಸಿಕೊದ ಕಡೆಗೆ ಹೋಗುವವರಿಗೆ ಬೆನ್ನ ಹಿಂದಿನಿಂದ ಬರುವ ಆ ಗಾಳಿ ವರವೇ ಸರಿ. ಆದರೆ ಮರಳಿ ಬರುವಾಗ, ಕಾಬೊ ಸ್ಯಾನ್ ಲೂಕಸ್‌ನಿಂದ ಸ್ಯಾನ್ ಡಿಯಾಗೊವರೆಗಿನ ಸುಮಾರು 750 ನಾವಿಕ ಮೈಲಿಗಳಲ್ಲಿಯೂ, ಅಲ್ಲಿಂದ ಮೇಲಕ್ಕೆ ಪಾಯಿಂಟ್ ಕನ್ಸೆಪ್ಷನ್ ಭೂಶಿರವನ್ನು ಸುತ್ತಿಕೊಂಡು ಮನೆ ಸೇರುವವರೆಗೂ, ಅದೇ ಗಾಳಿ ಮುಖಕ್ಕೆ ಹೊಡೆಯುತ್ತಿರುತ್ತದೆ. ಅಷ್ಟು ದೂರ ಹೋಗುವುದೇ ಬೇಡ. ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದಾಗ ಸಮುದ್ರದ ತಂಪು ಗಾಳಿ ಗೋಲ್ಡನ್ ಗೇಟ್ ಎಂಬ ಕಿರಿದಾದ ಬಾಯಿಯಿಂದ ಒಳನುಗ್ಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಲ್ಕಟ್ರಾಜ್ ದ್ವೀಪದ ಸುತ್ತ 20ರಿಂದ 25 ನಾಟ್ ಗಾಳಿ ಬೀಸುವುದು ಇಲ್ಲಿ ದಿನನಿತ್ಯದ ಸಂಗತಿ. ಇಳಿತದ ನೀರು ಆ ಗಾಳಿಗೆ ಎದುರಾಗಿ ಹರಿಯುವಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ.

ಇಂಥ ಗಾಳಿಯಲ್ಲಿ ಜೆನೋವಾವನ್ನು ಅರ್ಧ ಸುತ್ತಿಟ್ಟುಕೊಂಡು ಗಾಳಿಗೆ ಎದುರಾಗಿ ಸಾಗುವುದು ಹೆಚ್ಚಿನವರ ರೂಢಿ. ಹಗುರ ಗಾಳಿಗೆಂದು ಕತ್ತರಿಸಿ ಹೊಲಿದ ಆ ಹಾಯಿ ಸುತ್ತಿದಷ್ಟೂ ಆಕಾರ ಕಳೆದುಕೊಳ್ಳುತ್ತದೆ: ಮುಂದಂಚಿನಲ್ಲಿ ದಪ್ಪ ಸುರುಳಿ ಕೂಡಿಕೊಳ್ಳುತ್ತದೆ, ನಡುವೆ ಬಟ್ಟೆ ಚೀಲದಂತೆ ಉಬ್ಬುತ್ತದೆ, ಕೆಳಮೂಲೆ ಮೇಲೇರುತ್ತದೆ. ಗಾಳಿಯ ಒತ್ತಡದ ಕೇಂದ್ರ ಮುಂದಕ್ಕೂ ಮೇಲಕ್ಕೂ ಸರಿಯುವುದರಿಂದ ದೋಣಿ ಹೆಚ್ಚು ವಾಲುತ್ತದೆ, ಕಡಿಮೆ ಮುನ್ನಡೆಯುತ್ತದೆ. ಸುರುಳಿಯನ್ನು ಹಿಡಿದಿಟ್ಟಿರುವುದು ಒಂದೇ ಒಂದು ತೆಳುಹಗ್ಗ. ಅದು ತುಂಡಾದರೆ ಇಡೀ ಹಾಯಿ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ನನ್ನನ್ನು ಕಾಡುತ್ತಿದ್ದದ್ದು ಬಿರುಗಾಳಿಯ ಪ್ರಶ್ನೆ. ಬಿರುಗಾಳಿಗೆಂದೇ ಇರುವ ಸ್ಟಾರ್ಮ್ ಜಿಬ್ ಎಂಬ ಚಿಕ್ಕ ಮುಂಹಾಯಿ ಏರಿಸಬೇಕೆಂದರೆ ಸುತ್ತಿರುವ ಜೆನೋವಾವನ್ನು ಪೂರ್ತಿ ಬಿಚ್ಚಿ ಕೆಳಗಿಳಿಸಬೇಕು; ಅದನ್ನೂ ಮೂತಿ ನೀರಿನೊಳಗೆ ಮುಳುಗೇಳುತ್ತಿರುವ ಹೊತ್ತಿನಲ್ಲೇ ಮಾಡಬೇಕು. ದೂರಸಮುದ್ರದ ಪಂದ್ಯಗಳಿಗೆ ವರ್ಲ್ಡ್ ಸೈಲಿಂಗ್ ಸಂಸ್ಥೆ ಮಾಡಿರುವ ಸುರಕ್ಷತಾ ನಿಯಮಗಳು, ಸ್ಟಾರ್ಮ್ ಜಿಬ್ ಅನ್ನು ತಂತಿಗೆ ಕಟ್ಟುವ ವ್ಯವಸ್ಥೆ ಹಾಯಿಯ ಅಂಚನ್ನು ಸಿಕ್ಕಿಸುವ ಇಂಥ ಸುರುಳಿಯ ತೋಡನ್ನು ನೆಚ್ಚಿಕೊಂಡಿರಬಾರದು ಎನ್ನುತ್ತವೆ. ನಾವು ಪಂದ್ಯದವರಲ್ಲದಿದ್ದರೂ ಆ ಮಾತಿನ ಹಿಂದಿನ ಕಾರಣ ನಮಗೂ ಅನ್ವಯಿಸುತ್ತದೆ.

ಎರಡನೆಯ ತಂತಿಯನ್ನು ಎಲ್ಲಿ ಕಟ್ಟಬೇಕೆಂಬುದಕ್ಕೆ ಎರಡು ದಾರಿಗಳಿವೆ. ಒಂದು ಸೊಲೆಂಟ್ ಸ್ಟೇ: ಅದು ಕಂಬದ ತುದಿಗೆ ಸ್ವಲ್ಪವೇ ಕೆಳಗೆ ಹಿಡಿದು, ಮುಖ್ಯ ಫೋರ್‌ಸ್ಟೇಗೆ ತೀರ ಹತ್ತಿರದಲ್ಲಿ ಇಳಿಯುತ್ತದೆ. ತುದಿಗೆ ಹತ್ತಿರವಿರುವುದರಿಂದ ಈಗಿರುವ ಬ್ಯಾಕ್‌ಸ್ಟೇ, ಅಂದರೆ ತುದಿಯಿಂದ ದೋಣಿಯ ಹಿಂಭಾಗಕ್ಕೆ ಇಳಿದಿರುವ ತಂತಿ, ಅದರ ಎಳೆತವನ್ನು ತಾನೇ ಹೊರುತ್ತದೆ. ಬೇರೆ ಆಧಾರ ಬೇಕಾಗುವುದಿಲ್ಲ. ಹೆಚ್ಚು ಕೆಲಸ ಬೇಡವೆನ್ನುವವರಿಗೆ ಇದು ಒಳ್ಳೆಯ ಆಯ್ಕೆ. ಆದರೆ ಅದರ ಹಾಯಿ ಮುಂದೆಯೇ, ಎತ್ತರದಲ್ಲೇ ಉಳಿಯುತ್ತದೆ. ಎರಡನೆಯದು, ಕಂಬದ ಮುಂದೆ ಎರಡು ಹಾಯಿಗಳಿರುವ ಕಟರ್ ದೋಣಿಗಳಲ್ಲಿರುವಂತೆ, ಕಂಬದ ಮುಕ್ಕಾಲು ಎತ್ತರದ ಆಸುಪಾಸಿನಿಂದ, ಮುಖ್ಯ ಫೋರ್‌ಸ್ಟೇಗೆ ಸಮಾನಾಂತರವಾಗಿ ಇಳಿಯುವ ತಂತಿ. ಇದರಲ್ಲಿ ಹಾಯಿಯ ಬಲ ಕೆಳಗೂ ಹಿಂದಕ್ಕೂ ಬಂದು ಕಂಬದ ಬುಡಕ್ಕೆ ಹತ್ತಿರವಾಗುತ್ತದೆ, ದೋಣಿಯ ಸಮತೋಲ ಕೆಡುವುದಿಲ್ಲ, ಹಾಯಿ ಏರಿಸುವವರು ಮೂತಿಯ ತುದಿಯವರೆಗೆ ಹೋಗಬೇಕಾಗಿಲ್ಲ. ಇದಕ್ಕೆ ತೆರಬೇಕಾದ ಬೆಲೆ ಕಂಬದ ಹಿಂಬದಿಗೆ ಹೊಸ ಆಧಾರಗಳು. ನಾವು ಎರಡನೆಯದನ್ನೇ ಆರಿಸಿಕೊಂಡೆವು. ಡೆಕ್‌ನಿಂದ 14 ಮೀಟರ್ ಎತ್ತರದ ಕಂಬದಲ್ಲಿ 11 ಮೀಟರ್‌ಗೆ, ಕಂಬದಿಂದ ಪಕ್ಕಕ್ಕೆ ಚಾಚಿದ ಅಡ್ಡತೋಳುಗಳಾದ ಸ್ಪ್ರೆಡರ್‌ಗಳಲ್ಲಿ ಮೇಲಿನವಕ್ಕೆ ತುಸು ಮೇಲೆ, ತಂತಿಯ ತಲೆ, ಕಂಬದಿಂದ 3.3 ಮೀಟರ್ ಮುಂದೆ, ಲಂಗರಿನ ಸರಪಳಿ ತುಂಬಿಡುವ ಗೂಡಿನ ಹಿಂಗೋಡೆಯ ಮೇಲೆ, ಅದರ ಬುಡ. ಕಂಬದೊಡನೆ ತಂತಿ ಮಾಡುವ ಕೋನ ಸುಮಾರು 17 ಡಿಗ್ರಿ.

ಬುಡದಲ್ಲಿ ಆ ಗೋಡೆ ಇರುವುದು ಆಕಸ್ಮಿಕವಲ್ಲ, ಸ್ಥಳ ಆರಿಸಿದ್ದೇ ಅದನ್ನು ನೋಡಿ. ಡೆಕ್ ಎನ್ನುವುದು ಮೇಲಿನಿಂದ ತುಳಿಯುವ ಭಾರಕ್ಕೆಂದು ಕಟ್ಟಿದ್ದು, ಮೇಲಕ್ಕೆ ಕೀಳುವ ಭಾರಕ್ಕಲ್ಲ. ಡೆಕ್‌ಗೆ ಒಂದು ಕೊಂಡಿ ಬೋಲ್ಟ್ ಮಾಡಿ, ಅಡಿಗೆ ಅಗಲವಾದ ಸ್ಟೀಲ್ ಫಲಕ ಕೊಟ್ಟು, ಅದಕ್ಕೇ ತಂತಿ ಕಟ್ಟಿರುವ ದೋಣಿಗಳನ್ನು ನೋಡಿದ್ದೇನೆ. ಗಾಳಿ ಬಿಗಿದಾಗ ಅಲ್ಲಿ ಡೆಕ್ ಗುಬುಟುಗಟ್ಟಿ ಏಳುವುದು ಬರಿಗಣ್ಣಿಗೇ ಕಾಣುತ್ತದೆ. ಭಾರ ಡೆಕ್ಕನ್ನು ದಾಟಿ ಒಡಲಿಗೆ ಇಳಿಯಬೇಕು. ಗೋಡೆಯಿಲ್ಲದ ಕಡೆ ಡೆಕ್‌ನ ಕೊಂಡಿಯಿಂದ ಕೆಳಗೆ ಮೂತಿಯ ಒಳಮೈಗೆ ಸ್ಟೀಲ್ ಸರಳೊಂದನ್ನು ಬಿಗಿದು ಕಟ್ಟುತ್ತಾರೆ. ಗೋಡೆಯಿದ್ದರೆ ಚೈನ್‌ಪ್ಲೇಟ್ ಎಂಬ ದಪ್ಪ ಪಟ್ಟಿಯನ್ನು ಡೆಕ್ ಮೂಲಕ ತೂರಿಸಿ ಗೋಡೆಗೇ ಬೋಲ್ಟ್ ಮಾಡುತ್ತಾರೆ.

ನಮ್ಮ ಗೋಡೆಯನ್ನು ಪರೀಕ್ಷಿಸಿದಾಗ ಅದು 12 ಮಿಲಿಮೀಟರ್ ಪ್ಲೈವುಡ್ ಆಗಿದ್ದು, ಒಡಲಿಗೆ ಅದನ್ನು ಅಂಟಿಸಿದ್ದ ಫೈಬರ್‌ಗ್ಲಾಸ್ ಪಟ್ಟಿ ಹಿಂಬದಿಯಲ್ಲಿ ಮಾತ್ರ ಇತ್ತು. ಸರಪಳಿ ಬೀಳದಂತೆ ತಡೆಯುವುದಕ್ಕೆ ಅಷ್ಟು ಸಾಕು, ಹಾಯಿಯ ಎಳೆತಕ್ಕೆ ಸಾಲದು. ಅದರ ಮೇಲೆ ಇನ್ನೊಂದು 12 ಮಿಲಿಮೀಟರ್ ಪದರ ಎಪಾಕ್ಸಿಯಿಂದ ಕೂಡಿಸಿ, ಎರಡೂ ಬದಿಗೆ ಫೈಬರ್‌ಗ್ಲಾಸ್ ಬಟ್ಟೆಯ ಹೊಸ ಪಟ್ಟಿಗಳನ್ನು ಪದರ ಪದರವಾಗಿ ಎಳೆದು ಒಡಲಿಗೂ ಡೆಕ್‌ನ ಅಡಿಮೈಗೂ ಬೆಸೆದೆವು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೋಡೆ ನೆಟ್ಟಗೆ ನಿಂತಿದೆ, ತಂತಿ 17 ಡಿಗ್ರಿ ಹಿಂದಕ್ಕೆ ವಾಲಿದೆ. ತಂತಿಯಲ್ಲಿ 1,000 ಕಿಲೋ ಎಳೆತವಿದೆ ಎಂದುಕೊಂಡರೆ ಅದರಲ್ಲಿ ಸುಮಾರು 955 ಕಿಲೋ ಮೇಲಕ್ಕೆ, ಸುಮಾರು 290 ಕಿಲೋ ಹಿಂದಕ್ಕೆ. ಆ ಹಿಂದಿನ ಎಳೆತಕ್ಕೆ ಗೋಡೆ ಬಾಗದಂತೆ ಅದರ ಹಿಂಬದಿಯಲ್ಲಿ ತ್ರಿಕೋನಾಕಾರದ ಎರಡು ಆಸರೆ ಹಲಗೆಗಳನ್ನು ಕೂರಿಸಬೇಕಾಯಿತು. ಅವು ಮುಂದಿನ ಹಾಸಿಗೆಯ ತಲೆದಿಂಬಿನ ಜಾಗವನ್ನು ಸ್ವಲ್ಪ ತಿಂದಿವೆ. ನನ್ನ ಪತ್ನಿ ಅಳತೆ ನೋಡಿ ಒಪ್ಪಿದ ಮೇಲೆಯೇ ಅವನ್ನು ಅಂಟಿಸಿದ್ದು.

ಡೆಕ್‌ಗೆ ತೂತು ಕೊರೆಯುವುದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹಳೆಯ ದೋಣಿಗಳು ಹಾಳಾಗುವುದು ಹೆಚ್ಚಾಗಿ ಇಂಥ ತೂತುಗಳಿಂದಲೇ. ನಮ್ಮ ಡೆಕ್ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರದ ತಿರುಳಿಟ್ಟು ಮಾಡಿದ್ದು. ಬಾಲ್ಸಾ ಹಗುರ, ಗಟ್ಟಿ, ಆದರೆ ನೀರು ಕಂಡರೆ ಹೀರುತ್ತದೆ, ಹೀರಿದ್ದು ಕೊಳೆಯುತ್ತದೆ. ಮೊದಲು ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗುಲ ಅಂಗುಲವೂ ತಟ್ಟಿ ಕೇಳಿದೆವು. ಗಟ್ಟಿಯಿರುವಲ್ಲಿ ಠಕ್ ಎನ್ನುವ ಸದ್ದು, ನೀರು ಹೊಕ್ಕಲ್ಲಿ ಮಂದವಾದ ದಬ್ ಎನ್ನುವ ಸದ್ದು. ಆಮೇಲೆ ಚೈನ್‌ಪ್ಲೇಟ್‌ಗೆ ಬೇಕಾದ್ದಕ್ಕಿಂತ ಅಗಲವಾದ ಕಂಡಿ ಕತ್ತರಿಸಿ, ಡ್ರಿಲ್‌ಗೆ ಬಾಗಿಸಿದ ಮೊಳೆ ಸಿಕ್ಕಿಸಿ ಕಂಡಿಯ ಸುತ್ತಲಿನ ತಿರುಳನ್ನು ಒಳಗಿನಿಂದ ಕೆರೆದು ತೆಗೆದೆವು. ಒಂದು ಬದಿಯ ತಿರುಳು ಬಿಳಿ ಗೋಧಿಹಿಟ್ಟಿನ ಬಣ್ಣದ ಪುಡಿಯಾಗಿ ಉದುರಿತು. ಲಂಗರು ಎತ್ತುವ ಹಳೆಯ ವಿಂಡ್‌ಲಾಸ್‌ನ ಬೋಲ್ಟ್‌ಗಳಿದ್ದ ಬದಿಯದು ಕಂದಾಗಿ, ಮೆತ್ತಗೆ, ಒದ್ದೆ ಎಲೆರಾಶಿಯ ವಾಸನೆಯೊಂದಿಗೆ ಬಂತು. ಒಣ ತಿರುಳು ಸಿಗುವವರೆಗೆ ಕೆರೆದು, ದಿನಗಟ್ಟಲೆ ಬಿಸಿಗಾಳಿ ಹಾಯಿಸಿ ಒಣಗಿಸಿ, ಗಟ್ಟಿಯಾಗಿ ಕಲಸಿದ ಎಪಾಕ್ಸಿ ತುಂಬಿದೆವು. ಅದು ಗಡುಸಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ಕಂಡಿ ಕೊರೆದರೆ ನೀರು ಸೋರಿದರೂ ತಿರುಳನ್ನು ಮುಟ್ಟುವುದಿಲ್ಲ. ಕಂಡಿಯ ಬಾಯಂಚನ್ನು ಇಳಿಜಾರಾಗಿ ಉಜ್ಜಿ, ಅಲ್ಲಿ ಬ್ಯುಟೈಲ್ ಟೇಪನ್ನು ಬೆರಳಲ್ಲಿ ನಾದಿ ತುಂಬಿ, ಮುಚ್ಚಳದ ಫಲಕವನ್ನು ಕೆಲವು ದಿನ ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿದೆವು. ಚೈನ್‌ಪ್ಲೇಟ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಗಾಳಿಯಾಡದೆ ನೀರು ನಿಲ್ಲುವ ಬಿರುಕುಗಳಲ್ಲಿ ಈ ಉಕ್ಕೂ ಒಳಗೊಳಗೇ ಸವೆಯುತ್ತದೆಯಾದ್ದರಿಂದ ಅದನ್ನು ಫೈಬರ್‌ಗ್ಲಾಸ್‌ನಲ್ಲಿ ಹುದುಗಿಸದೆ, ಎಂದಾದರೂ ಬಿಚ್ಚಿ ನೋಡಲು ಬರುವಂತೆ ಬೋಲ್ಟ್‌ಗಳಿಂದಲೇ ಹಿಡಿಸಿದ್ದೇವೆ.

ಕಂಬದ ಕೆಲಸಕ್ಕೆ ಕಂಬವನ್ನು ಕ್ರೇನಿನಿಂದ ಕೆಳಗಿಳಿಸಿ ಮರದ ಸ್ಟ್ಯಾಂಡ್‌ಗಳ ಮೇಲೆ ಮಲಗಿಸಿದ್ದೆವು. ಹಗ್ಗದ ಕುರ್ಚಿಯಲ್ಲಿ ನೇತಾಡುತ್ತ ಮೇಲೆಯೇ ಮಾಡಲು ಸಾಧ್ಯವಿಲ್ಲವೆಂದಲ್ಲ, ಆದರೆ ಅಳತೆಯ ನಿಖರತೆ ಮುಖ್ಯವಾದ ಕಡೆ ನೆಲದ ಮೇಲಿನ ಕೆಲಸವೇ ಲೇಸು. 12 ಮಿಲಿಮೀಟರ್ ಬೋಲ್ಟ್ ಒಂದನ್ನು ಕಂಬದ ಅಡ್ಡಕ್ಕೆ ಆರಪಾರ ತೂರಿಸಿ, ಒಳಗೆ ಅದರ ಸುತ್ತ ಒಂದು ಕೊಳವೆ ಕೂರಿಸಿದೆವು. ಕೊಳವೆಯಿಲ್ಲದಿದ್ದರೆ ಬೋಲ್ಟ್ ಬಿಗಿದಷ್ಟೂ ಕಂಬದ ತೆಳುಗೋಡೆ ಒಳಕ್ಕೆ ಕುಸಿಯುತ್ತದೆ. ಅದೇ ಬೋಲ್ಟ್‌ಗೆ ಮುಂದೆ ತಂತಿಯನ್ನು ಹಿಡಿಯುವ ಟ್ಯಾಂಗ್, ಎರಡು ಬದಿಗೆ ಹಿಂದಿನ ಆಧಾರಗಳನ್ನು ಹಿಡಿಯುವ ಟ್ಯಾಂಗ್‌ಗಳು. ಮೂರೂ ಎಳೆತಗಳು ಒಂದೇ ಬಿಂದುವಿನಲ್ಲಿ ಸೇರಿದರೆ ಕಂಬಕ್ಕೆ ಅನಗತ್ಯವಾದ ಬಾಗು ಬರುವುದಿಲ್ಲ. ಕಂಬದ ಅಲ್ಯುಮಿನಿಯಂ ಮತ್ತು ಸ್ಟೇನ್‌ಲೆಸ್ ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿದರೆ ಅಲ್ಯುಮಿನಿಯಂ ತಿನ್ನಿಸಿಕೊಳ್ಳುತ್ತದೆ. ಸ್ಪಿನೇಕರ್ ಎಂಬ ಬಲೂನಿನಂಥ ಹಾಯಿಯ ಹಳೆಯ ಕೊಂಡಿಯೊಂದನ್ನು ಕಿತ್ತಾಗ ಅದರ ಹಿಂದೆ ಬಿಳಿ ಪುಡಿ ಮೆತ್ತಿ, ಕಂಬದ ಮೈ ಕಜ್ಜಿ ಹಿಡಿದಂತಾಗಿತ್ತು. ಹೊಸ ಸ್ಟೇನ್‌ಲೆಸ್ ಭಾಗಗಳೆಲ್ಲಕ್ಕೂ ಟೆಫ್-ಜೆಲ್ ಎಂಬ ರಕ್ಷಕ ಲೇಪ ಬಳಿದು, ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ನಡುವೆ ಇಟ್ಟಿದ್ದೇವೆ.

ಈಗ ಹಿಂದಿನ ಆಧಾರಗಳು, ಅಂದರೆ ಕಂಬದ ಆ ಬಿಂದುವಿನಿಂದ ದೋಣಿಯ ಎರಡೂ ಬದಿಗೆ ಹಿಂದಕ್ಕೆ ಇಳಿಯುವ ರನ್ನಿಂಗ್ ಬ್ಯಾಕ್‌ಸ್ಟೇಗಳು, ಚಿಕ್ಕದಾಗಿ ರನ್ನರ್‌ಗಳು. ಡೇರೆಯ ನಡುಗಂಬಕ್ಕೆ ಮುಕ್ಕಾಲು ಎತ್ತರದಲ್ಲಿ ಹಗ್ಗ ಕಟ್ಟಿ ಒಂದೇ ಕಡೆಗೆ ಜಗ್ಗಿದರೆ ಕಂಬ ಅಲ್ಲಿಂದ ಬಾಗುವಂತೆ ಇಲ್ಲಿಯೂ ಇನ್ನರ್ ಫೋರ್‌ಸ್ಟೇ ಕಂಬವನ್ನು ಮುಂದಕ್ಕೆ ಬಾಗಿಸುತ್ತದೆ. ನಮ್ಮ ಸ್ಪ್ರೆಡರ್‌ಗಳು ಹಿಂದಕ್ಕೆ ಬಾಗಿರದೆ ನೇರ ಪಕ್ಕಕ್ಕೆ ಚಾಚಿರುವುದರಿಂದ ಪಕ್ಕದ ತಂತಿಗಳು ಆ ಎತ್ತರದಲ್ಲಿ ಹಿಂದಕ್ಕೆ ಎಳೆಯುವುದಿಲ್ಲ. ಬಾಗು ಒಂದು ತೊಂದರೆಯಾದರೆ, ಅಲೆಯಿಂದ ಅಲೆಗೆ ದೋಣಿ ಬಡಿದಾಗ ಕಂಬದ ನಡುಭಾಗ ಹಿಂದೆ ಮುಂದೆ ತೊನೆದಾಡುವುದು ಇನ್ನೂ ದೊಡ್ಡ ತೊಂದರೆ. ಅಲ್ಯುಮಿನಿಯಂ ದಣಿದು ಬಿರಿಯುವುದು ಇಂಥ ತೊನೆದಾಟದಿಂದ.

ರನ್ನರ್‌ನ ಬುಡವನ್ನು ಎಲ್ಲಿ ಇಡಬೇಕೆಂಬುದನ್ನು ಲೆಕ್ಕವೇ ತೀರ್ಮಾನಿಸಿತು. 1,000 ಕಿಲೋ ಎಳೆತದಲ್ಲಿ ಕಂಬವನ್ನು ಮುಂದಕ್ಕೆ ಎಳೆಯುವ ಪಾಲು ಸುಮಾರು 290 ಕಿಲೋ. ರನ್ನರ್‌ನ ಬುಡ ಕಂಬದಿಂದ 4 ಮೀಟರ್ ಹಿಂದಿದ್ದರೆ ಕೋನ 20 ಡಿಗ್ರಿ. ಆ 290 ಕಿಲೋವನ್ನು ಸರಿದೂಗಿಸಲು ರನ್ನರ್‌ನಲ್ಲಿ ಸುಮಾರು 850 ಕಿಲೋ ಎಳೆತ ಬೇಕು. ಬುಡ 2.3 ಮೀಟರ್ ಮಾತ್ರ ಹಿಂದಿದ್ದರೆ ಕೋನ 12 ಡಿಗ್ರಿಗೆ ಇಳಿದು, ಅದೇ ಕೆಲಸಕ್ಕೆ ಸುಮಾರು 1,400 ಕಿಲೋ ಬೇಕಾಗುತ್ತದೆ. ಅಷ್ಟೇ ಅಲ್ಲ, ಇವೆರಡೂ ತಂತಿಗಳು ಕಂಬವನ್ನು ಕೆಳಕ್ಕೂ ಒತ್ತುತ್ತವೆ: ಮೊದಲ ಬಗೆಯಲ್ಲಿ ಒಟ್ಟು ಸುಮಾರು 1,750 ಕಿಲೋ, ಎರಡನೆಯದರಲ್ಲಿ ಸುಮಾರು 2,330 ಕಿಲೋ. ನಿಜದಲ್ಲಿ ಮುಖ್ಯ ಬ್ಯಾಕ್‌ಸ್ಟೇಯೂ ಕಂಬದ ಬಿಗಿತವೂ ಸ್ವಲ್ಪ ಹೊರುವುದರಿಂದ ಇದು ಮೇಲ್ಮಿತಿಯ ಲೆಕ್ಕ. ಆದರೂ ಬುಡವನ್ನು ಹಿಂದಕ್ಕೆ ತಂದಷ್ಟೂ ಇಡೀ ದೋಣಿಗೆ ಹಿತವೆನ್ನುವುದು ಇದರಿಂದ ಸ್ಪಷ್ಟ. ನಾವು 4 ಮೀಟರನ್ನೇ ಆರಿಸಿದೆವು, ಮತ್ತು ಡೆಕ್ ಮೇಲೆ ನಿಂತಿರುವ ನಮ್ಮ ಕಂಬದ ಅಡಿಯಲ್ಲಿ, ಕ್ಯಾಬಿನ್ನಿನೊಳಗೆ ಅದರ ಭಾರವನ್ನು ದೋಣಿಯ ಅಡಿಯ ಬೆನ್ನೆಲುಬಾದ ಕೀಲ್‌ಗೆ ಇಳಿಸುವ ಊರುಗಂಬವನ್ನೂ ಅದರ ಅಡಿಯ ಮರದ ದಿಂಡನ್ನೂ ನೆಲಹಲಗೆ ಎತ್ತಿ ನೋಡಿ ಗಟ್ಟಿಯಿದೆಯೆಂದು ಖಚಿತಪಡಿಸಿಕೊಂಡೆವು. ಹೊಸ ತಂತಿ ಕೂಡಿಸುವವರು ಈ ಊರುಗಂಬವನ್ನು ಮರೆಯುವುದೇ ಹೆಚ್ಚು. ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಅದನ್ನೇ.

ರನ್ನರ್‌ಗಳನ್ನು ಉಕ್ಕಿನ ಬದಲು ಡೈನೀಮಾ ಎಂಬ ಬಲವಾದ ಕೃತಕ ನಾರಿನ ಹಗ್ಗದಿಂದ ಮಾಡಿದ್ದೇವೆ. ಗಾಳಿ ಬರುವ ಕಡೆಯದನ್ನು ಬಿಗಿದು, ಇನ್ನೊಂದು ಕಡೆಯದನ್ನು ಮುಖ್ಯ ಹಾಯಿಗೂ ಅದರ ಅಡಿಯಂಚಿನ ದಿಂಡಾದ ಬೂಮ್‌ಗೂ ತಗಲದಂತೆ ಸಡಿಲಬಿಟ್ಟು, ದಿಕ್ಕು ಬದಲಿಸಿದಾಗಲೆಲ್ಲ ಅದಲುಬದಲು ಮಾಡಬೇಕಾದ್ದರಿಂದ ಹಗುರವಾದ, ಹಾಯಿಬಟ್ಟೆಯನ್ನು ಗೀರದ ಹಗ್ಗವೇ ಅನುಕೂಲ. ಡೈನೀಮಾ ತುಂಡಾಗುವ ಭಾರಕ್ಕಿಂತ ಬಹಳ ಕಡಿಮೆ ಭಾರದಲ್ಲೇ ಕಾಲಕ್ರಮದಲ್ಲಿ ನಿಧಾನವಾಗಿ ಉದ್ದವಾಗುತ್ತದೆ. ಹಾಗಾಗಿ ಅದರ ದಪ್ಪವನ್ನು ತಾಳಿಕೆಯ ಲೆಕ್ಕಕ್ಕಿಂತ ಹಿಗ್ಗುವಿಕೆಯ ಲೆಕ್ಕದಿಂದ ಆರಿಸಬೇಕು. ಕೆಳತುದಿಯಲ್ಲಿ ರಾಟೆಗಳ ಕಟ್ಟು, ಅದರ ಹಗ್ಗ ಚುಕ್ಕಾಣಿಯ ಬಳಿ ನಾವು ಕೂರುವ ಕಾಕ್‌ಪಿಟ್‌ನಲ್ಲಿರುವ, ಹಗ್ಗ ಬಿಗಿಯುವ ವಿಂಚ್‌ಗೆ. ಮುಂದಿನ ತಂತಿ ಮಾತ್ರ 7 ಮಿಲಿಮೀಟರ್‌ನ, 19 ಎಳೆಗಳ ಸ್ಟೇನ್‌ಲೆಸ್. ಹಾಯಿಯ ಕಂಚಿನ ಕೊಕ್ಕೆಗಳು ಹಗಲಿರುಳು ಉಜ್ಜುವ ಕಡೆ ಹಗ್ಗವನ್ನು ನೆಚ್ಚಲು ನನಗೆ ಮನಸ್ಸಾಗಲಿಲ್ಲ. ಅದರ ಕೆಳತುದಿಗೆ ಬಿಚ್ಚಿ ಪರೀಕ್ಷಿಸಬಹುದಾದ ಸ್ಟಾ-ಲಾಕ್ ಜೋಡಣೆ, ಬಿಗಿತ ಹೊಂದಿಸಲು ಟರ್ನ್‌ಬಕಲ್, ಒಂದೇ ಎಳೆತಕ್ಕೆ ಬಿಗಿದು ಬಿಡಿಸುವ ಹೈಫೀಲ್ಡ್ ಲಿವರ್, ಎಲ್ಲಕ್ಕೂ ಕೆಳಗೆ ಎರಡೂ ದಿಕ್ಕಿಗೆ ಹೊರಳುವ ಟಾಗಲ್. ಹಾಯಿ ತುಂಬಿದಾಗ ತಂತಿ ಪಕ್ಕಕ್ಕೆ ಬಳುಕುತ್ತದೆ. ಟಾಗಲ್ ಇಲ್ಲದಿದ್ದರೆ ಆ ಬಳುಕನ್ನೆಲ್ಲ ತಂತಿಯ ಕೊರಳೇ ತಾಳಬೇಕಾಗುತ್ತದೆ. ಹಗುರ ಗಾಳಿಯಲ್ಲಿ ದೊಡ್ಡ ಜೆನೋವಾ ಅತ್ತಿಂದಿತ್ತ ದಾಟಲು ಅಡ್ಡಿಯಾಗದಂತೆ ತಂತಿಯನ್ನು ಕಳಚಿ ಕಂಬದ ಪಕ್ಕದ ತಂತಿಗಳಾದ ಶ್ರೌಡ್‌ಗಳ ಬಳಿ ಕಟ್ಟಿಡುತ್ತೇವೆ. 19 ಎಳೆಯ ತಂತಿ ಗಡುಸು, ಚಿಕ್ಕ ಸುತ್ತಿಗೆ ಬಾಗಿಸಿದರೆ ಎಳೆಗಳು ಕೆಡುತ್ತವೆ. ಅಲ್ಲಿ ಅಗಲವಾದ ಅರ್ಧಚಂದ್ರಾಕಾರದ ಒರಗು ಮಾಡಿಸಿದ್ದು ಅದಕ್ಕಾಗಿ.

ಹಾಯಿಯ ವಿಷಯದಲ್ಲಿ ನಿಯಮಗಳ ಅಂಕಿಗಳು ಒಳ್ಳೆಯ ಅಳತೆಗೋಲಾದವು. ಅವುಗಳ ಪ್ರಕಾರ ಸ್ಟಾರ್ಮ್ ಜಿಬ್‌ನ ವಿಸ್ತೀರ್ಣ ಕಂಬ, ಫೋರ್‌ಸ್ಟೇ, ಡೆಕ್ ಸೇರಿ ಆಗುವ ಮುಂದಿನ ತ್ರಿಕೋನದ ಎತ್ತರದ ವರ್ಗದ 5 ಪ್ರತಿಶತವನ್ನು, ಬಲಗಾಳಿಯ ಜಿಬ್‌ನದು 13.5 ಪ್ರತಿಶತವನ್ನು ಮೀರಬಾರದು. ನಮ್ಮ 14 ಮೀಟರ್‌ಗೆ ಇವು 9.8 ಮತ್ತು ಸುಮಾರು 26 ಚದರ ಮೀಟರ್. ಹೊಸ ತಂತಿಗೆ ದಪ್ಪ ಡ್ಯಾಕ್ರಾನ್ ಬಟ್ಟೆಯ 14 ಚದರ ಮೀಟರ್ ಹಾಯಿ, ಅಂದರೆ ಸ್ಟೇಸೈಲ್ ಹೊಲಿಸಿ, ರೀಫ್ ಕಟ್ಟಿದರೆ, ಅಂದರೆ ಸ್ವಲ್ಪ ಭಾಗ ಮಡಚಿ ಕಟ್ಟಿದರೆ, 9 ಚದರ ಮೀಟರ್‌ಗೆ ಇಳಿಯುವಂತೆ ಮಾಡಿಸಿದ್ದೇವೆ. ಹಾಯಿಯ ಹಗ್ಗಗಳಿಗೆ ಉದ್ದ ಹಳಿ ಹಾಕುವ ಬದಲು ಪಕ್ಕದ ಡೆಕ್‌ನಲ್ಲಿ, ಶ್ರೌಡ್‌ಗಳ ಒಳಗೆ, ಅಡಿಫಲಕವಿರುವ ಕೊಂಡಿ ಮತ್ತು ನುಣುಪಾದ ಬಳೆಗಳಿಂದ ಎಳೆತದ ದಿಕ್ಕು ಹೊಂದಿಸಿಕೊಳ್ಳುತ್ತೇವೆ.

ಜುಲೈ ತಿಂಗಳ ಒಂದು ಮಧ್ಯಾಹ್ನ, ಇಳಿತ ಜೋರಾಗಿದ್ದ ಹೊತ್ತಿನಲ್ಲಿ, ಗೋಲ್ಡನ್ ಗೇಟ್ ಕಡೆಗೆ ಹೊರಟೆವು. ಜೆನೋವಾ ಪೂರ್ತಿ ಸುತ್ತಿ, ಮುಖ್ಯ ಹಾಯಿಗೆ ಎರಡು ರೀಫ್ ಕಟ್ಟಿ, ಸ್ಟೇಸೈಲ್ ಏರಿಸಿದೆವು. ಅಲ್ಕಟ್ರಾಜ್ ದಾಟಿದ ಮೇಲೆ ಗಾಳಿ 25 ನಾಟ್ ಮುಟ್ಟಿತು. ಹಿಂದೆ ಇಂಥ ಗಾಳಿಯಲ್ಲಿ ಚುಕ್ಕಾಣಿಯನ್ನು ಎರಡು ಕೈಯಿಂದ ಅದುಮಿ ಹಿಡಿಯಬೇಕಿತ್ತು. ಈಗ ಎರಡು ಬೆರಳಿಗೆ ಮಣಿಯಿತು. ವಾಲು ಕಡಿಮೆಯಾಗಿ, ದೋಣಿ ಗಾಳಿಗೆ ಇನ್ನಷ್ಟು ಹತ್ತಿರದ ದಿಕ್ಕು ಹಿಡಿದು ಅಲೆಗಳನ್ನು ಸೀಳಿಕೊಂಡು ಹೋಯಿತು. ನಾನು ಕಂಬದ ಬುಡದಲ್ಲಿ ಕೂತು ಅದರ ಹಿಂದಂಚಿನ ತೋಡಿಗೆ ಕಣ್ಣು ಹಚ್ಚಿ ಮೇಲಕ್ಕೆ ನೋಡುತ್ತಿದ್ದೆ: ರನ್ನರ್ ಸಡಿಲಿಸಿದರೆ ಮೇಲಿನ ಸ್ಪ್ರೆಡರ್‌ನ ಹತ್ತಿರ ಕಂಬ ಪ್ರತಿ ಅಲೆಗೂ ಮುಂದಕ್ಕೆ ಬಳುಕುತ್ತಿತ್ತು, ಬಿಗಿದೊಡನೆ ಗೆರೆ ಎಳೆದಂತೆ ನಿಲ್ಲುತ್ತಿತ್ತು. ಗೂಡಿನೊಳಗೆ ಟಾರ್ಚ್ ಹಿಡಿದು ಕೂತಿದ್ದ ಪತ್ನಿ ಗೋಡೆಯ ಹೊಸ ಅಂಟುಗಳಲ್ಲಿ ಒಂದು ಕೂದಲೆಳೆಯ ಬಿರುಕೂ ಇಲ್ಲವೆಂದು ಕೂಗಿ ಹೇಳಿದರು.

ನಮ್ಮಂಥದೇ ದೋಣಿಗೆ ಈ ಕೆಲಸ ಮಾಡಿಸುವವರಿಗೆ ನನ್ನ ಸಲಹೆ ಒಂದೇ. ಬೇರೆ ಯಾವುದಾದರೂ ಕಾರಣಕ್ಕೆ ಕಂಬ ಕೆಳಗಿಳಿಯುವ ವರ್ಷವನ್ನು ಇದಕ್ಕೆ ಆರಿಸಿಕೊಳ್ಳಿ, ತಂತಿ ಮತ್ತು ಹಾಯಿಯ ಬೆಲೆ ವಿಚಾರಿಸುವ ಮೊದಲು ಕಂಬ ಮತ್ತು ತಂತಿಗಳ ಕೆಲಸದ ಅನುಭವಿ ರಿಗ್ಗರ್ ಒಬ್ಬರನ್ನು ಕರೆದು ಗೂಡಿನ ಗೋಡೆಯನ್ನೂ ಊರುಗಂಬವನ್ನೂ ತೋರಿಸಿ. ಗೋಡೆ ದುರ್ಬಲವಾಗಿದ್ದು ಸರಿಪಡಿಸುವುದು ಕಷ್ಟವೆನಿಸಿದರೆ ಸೊಲೆಂಟ್ ಸ್ಟೇ ಸಾಕು. ಅದಕ್ಕೂ ಬುಡದಲ್ಲಿ ಭದ್ರವಾದ ನೆಲೆ ಬೇಕೇ ಬೇಕು, ಆದರೆ ಮೂತಿಗೆ ಹತ್ತಿರವಿರುವುದರಿಂದ ಆ ನೆಲೆ ಸಿಗುವುದು ಸುಲಭ. ನಮ್ಮಲ್ಲಿ ಇನ್ನು ಉಳಿದಿರುವುದು ರನ್ನರ್‌ಗಳು ಸ್ಪ್ರೆಡರ್‌ಗೆ ಉಜ್ಜುವ ಜಾಗದಲ್ಲಿ ಹಗ್ಗಕ್ಕೆ ಹೊದಿಕೆ ಹೊಲಿಯುವುದು, ಮತ್ತು ಹೊಸ ಡೈನೀಮಾ ಈ ಬೇಸಿಗೆಯಲ್ಲಿ ಹಿಗ್ಗಿದಷ್ಟನ್ನು ಕತ್ತರಿಸಿ ಮತ್ತೆ ಹೆಣೆಯುವುದು. ಅಕ್ಟೋಬರ್ ಕೊನೆಯಲ್ಲಿ ದಕ್ಷಿಣಕ್ಕೆ ಹೊರಡುವ ಮೊದಲು ಅವೆರಡೂ ಮುಗಿಯುತ್ತವೆ.